‘ಟೇಕ್ ಓವರ್’ ಎಂಬ ಮಾತೂ ನಮ್ಮ ಇತಿಹಾಸದ ಪಾಠಗಳೂ

ಇಂಗ್ಲಿಷಿನಲ್ಲಿ ಒಂದು ಚಿಕ್ಕ ಕ್ರಿಯಾಪದಕ್ಕೆ ಒಂದು ಚಿಕ್ಕ ಅವ್ಯಯವನ್ನು ಹಚ್ಚಿ, ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥವನ್ನು ಹೊರಡಿಸುವ ಪದ್ಧತಿಯುಂಟು. ‘ಟೇಕ್’ ಎಂದರೆ ತೆಗೆದುಕೊಳ್ಳು, ‘ಓವರ್’ ಎಂದರೆ ಮೇಲೆ; ಆದರೆ ‘ಟೇಕ್ ಓವರ್’ ಎಂಬುದು ಮೇಲೆ ತೆಗೆದುಕೊಳ್ಳುವುದಲ್ಲ. ಹೊಸ ಅಮಲ್ದಾರರು ಕಚೇರಿಯ ಅಧಿಕಾರ ವಹಿಸಿಕೊಂಡರೂ, ಸೈನ್ಯವೊಂದು ಕೋಟೆಯನ್ನು ಹಿಡಿದರೂ, ಒಂದು ಕಂಪೆನಿ ಮತ್ತೊಂದನ್ನು ಕೊಂಡರೂ, ಒಬ್ಬ ಕಾವಲುಗಾರನ ಪಾಳಿಗೆ ಇನ್ನೊಬ್ಬನು ಬಂದು ನಿಂತರೂ ಇಂಗ್ಲಿಷಿಗೆ ಒಂದೇ ಮಾತು ಸಾಕು. ಇದರ ವ್ಯಾಕರಣವನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ಇಂಗ್ಲಿಷ್ ಗ್ರಂಥಗಳನ್ನು ಓದಿ ಕನ್ನಡದಲ್ಲಿ ಇತಿಹಾಸವನ್ನು ಬೋಧಿಸತಕ್ಕ ನಮಗೆ ಬೇರೊಂದು ತೊಡಕಿದೆ. ಪರ್ಯಾಯಪದಗಳೆಂದು ಸಾಲಾಗಿ ಕೊಡುವ ‘ವಹಿಸಿಕೊಳ್ಳು, ವಶಪಡಿಸಿಕೊಳ್ಳು, ಸ್ವಾಧೀನಪಡಿಸಿಕೊಳ್ಳು, ಕೈಗೆ ತೆಗೆದುಕೊಳ್ಳು’ ಎಂಬ ಮಾತುಗಳು ವಾಸ್ತವವಾಗಿ ಪರ್ಯಾಯಗಳಲ್ಲ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ನಡೆದ ಸಂಗತಿಯೇ ಬದಲಾಗುತ್ತದೆ.

ಈ ನಾಲ್ಕರಲ್ಲಿಯೂ ಕೊನೆಗೆ ನಿಂತಿರುವುದು ‘ಕೊಳ್ಳು’. ಇಂಗ್ಲಿಷಿನ ‘ಓವರ್’ ಮಾಡುವ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಈ ಸಹಾಯಕ ಕ್ರಿಯೆ ಮಾಡುತ್ತದೆ. ನಮ್ಮ ಚಿಂತಾಮಣಿಯ ಸೀಮೆಯಲ್ಲಿ ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯಹೇಳುವುದು ಸುಲಭ. ತೆಲುಗಿನ ‘ತೀಸುಕೊನು’ ಎಂಬುದರ ಕಟ್ಟಡವೂ ಇದೇ. ಈ ‘ಕೊಳ್’ ಹಿಂದೆ ಸ್ವತಂತ್ರ ಕ್ರಿಯೆಯಾಗಿಯೇ ಬಲವಾಗಿದ್ದಿತು. ಕೋಲಾರ ಸೀಮೆಯ ವೀರಗಲ್ಲುಗಳನ್ನು 1905ರಲ್ಲಿ ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ವೀರಗಲ್ಲುಗಳ ಭಾಷೆಯನ್ನು ಬಲ್ಲವರಿಗೆ ‘ತುಱುಗೋಳ್’ ಎಂಬ ಶಬ್ದ ಪರಿಚಿತವೇ ಆಗಿದೆ: ಶತ್ರುಗಳು ಊರಿನ ದನಗಳನ್ನು ಹಿಡಿದೊಯ್ಯುವುದು. ಅಲ್ಲಿ ‘ಕೊಳ್’ ಎಂದರೆ ಬಲಾತ್ಕಾರ. ಆದರೆ ‘ಕ್ರಯಕ್ಕೆ ಕೊಂಡನು’ ಎಂಬಲ್ಲಿ ಅದೇ ‘ಕೊಳ್’ ಬೆಲೆ ತೆತ್ತು ಪಡೆಯುವುದು. ಹೀಗಿರಲು, ಸಂದಿಗ್ಧತೆ ಇಂಗ್ಲಿಷಿಗೆ ಮಾತ್ರ ಅಂಟಿದ ದೋಷವೆಂದು ಹೇಳುವವರ ವಾದವನ್ನು ನಾವು ಒಪ್ಪಲಾರೆವು. ಭೇದವಿರುವುದು ‘ಕೊಳ್ಳು’ವಿನ ಹಿಂದೆ ಏನನ್ನು ಇಡುತ್ತೇವೆಂಬುದರಲ್ಲಿ.

1831ನೆಯ ಇಸವಿಯನ್ನು ತೆಗೆದುಕೊಳ್ಳೋಣ. ನಗರದ ರೈತರ ದಂಗೆಯನ್ನು ಮುಂದುಮಾಡಿ, ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದು ಕಮಿಷನರುಗಳ ಕೈಗೆ ಕೊಟ್ಟನು. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಟೇಕ್ ಓವರ್’ ಎಂದು ಹೇಳಿ ಮುಗಿಸುತ್ತವೆ. ಪದವಿ ತರಗತಿಗಳ ಉತ್ತರಪತ್ರಿಕೆಗಳಲ್ಲಿ ಅದು ಒಮ್ಮೆ ‘ಕಂಪೆನಿ ಆಡಳಿತವನ್ನು ವಹಿಸಿಕೊಂಡಿತು’ ಎಂದೂ ಇನ್ನೊಮ್ಮೆ ‘ಮೈಸೂರನ್ನು ವಶಪಡಿಸಿಕೊಂಡಿತು’ ಎಂದೂ ಬರುತ್ತದೆ. ಎರಡೂ ಸಲ್ಲವೆಂದು ನಮ್ಮ ಅಭಿಪ್ರಾಯ.

‘ವಹಿಸಿಕೊಳ್ಳು’ ಎಂಬುದಕ್ಕೆ ‘ವಹಿಸಿಕೊಡು’ ಎಂಬ ಜೋಡಿಯುಂಟು, ವಹಿಸಿಕೊಂಡವನಿದ್ದರೆ ವಹಿಸಿಕೊಟ್ಟವನೊಬ್ಬನಿರಬೇಕು. ಅರಸರು ಎದುರು ನಿಲ್ಲಲಿಲ್ಲವೆಂಬುದು ನಿಜ. ಆದರೆ ರಾಜ್ಯವನ್ನು ಹಿಂದಿರುಗಿಸಬೇಕೆಂದು ವರ್ಷಾನುಗಟ್ಟಲೆ ಅರ್ಜಿಗಳನ್ನು ಬರೆದು, ಅದು ಕೈಗೂಡದೆಯೇ 1868ರಲ್ಲಿ ತೀರಿಕೊಂಡವರನ್ನು ‘ಕೊಟ್ಟವರು’ ಎಂದು ಕರೆಯುವುದು ಹೇಗೆ? ‘ವಶಪಡಿಸಿಕೊಂಡಿತು’ ಎಂಬುದಾದರೋ ಕೊಡಗಿಗೆ ಒಪ್ಪತಕ್ಕ ಮಾತು. ಅಲ್ಲಿ 1834ರಲ್ಲಿ ಯುದ್ಧ ನಡೆದು, ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ, ದೇಶವೇ ಕಂಪೆನಿಯದಾಯಿತು. ಮೈಸೂರಿನಲ್ಲಿ ಅರಸುತನ ಹೆಸರಿಗಾದರೂ ಉಳಿಯಿತು. ಅದು ಉಳಿದದ್ದರಿಂದಲೇ 1881ರ ಮಾರ್ಚ್ 25ರಂದು ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಕ್ಕೆ ಒಪ್ಪಿಸುವುದು ಸಾಧ್ಯವಾಯಿತು. ವಶವಾಗಿ ಮುಗಿದುಹೋಗಿದ್ದರೆ ಹಿಂದಕ್ಕೆ ಒಪ್ಪಿಸುವ ಮಾತೆಲ್ಲಿ?

ಇನ್ನೂ ಒಂದು ಅಂಶವನ್ನು ಗಮನಿಸಬೇಕು. 1799ರ ಒಪ್ಪಂದದಲ್ಲಿದ್ದುದು ‘ಟೇಕ್ ಓವರ್’ ಅಲ್ಲ, ‘ಅಸ್ಯೂಮ್’. ಕಂಪೆನಿಗೆ ಸಲ್ಲಬೇಕಾದ ಹಣಕ್ಕೆ ಧಕ್ಕೆ ಬರುವಂತಿದ್ದರೆ, ಅದಕ್ಕೆ ಬೇಕಾದಷ್ಟು ಸೀಮೆಯ ಆಡಳಿತವನ್ನು ತನ್ನ ಕೆಳಗೆ ತಂದುಕೊಳ್ಳಬಹುದೆಂದು ಅದರ ಆಶಯ. ನಡೆದದ್ದೋ ಇಡೀ ರಾಜ್ಯದ ಆಡಳಿತ. ಬೆಂಟಿಂಕನೇ 1834ರಲ್ಲಿ ಒಂದು ಭಾಗವನ್ನು ಅರಸರಿಗೆ ಮರಳಿಸಬಹುದೆಂದು ಸೂಚಿಸಿದನು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಆದಕಾರಣ ‘ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು’ ಎಂದು ಬರೆಯುವುದೇ ಲೇಸು. ಇದು ಕೊಟ್ಟವನನ್ನು ಕಲ್ಪಿಸುವುದಿಲ್ಲ, ರಾಜ್ಯವನ್ನು ಅಳಿಸುವುದೂ ಇಲ್ಲ. ಮಾತು ಸಪ್ಪೆಯಾಯಿತೆಂದು ಕೆಲವರಿಗೆ ತೋರಬಹುದು, ತೋರಲಿ.

2007ರವರೆಗೆ ಚಿಂತಾಮಣಿ ಸೇರಿದ್ದ ಕೋಲಾರ ಜಿಲ್ಲೆಯಲ್ಲಿಯೇ ಮತ್ತೊಂದು ಉದಾಹರಣೆಯಿದೆ. ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ‘ಟೇಕ್ ಓವರ್’ ಮಾಡಿದುವು. ಮೊದಲನೆಯದು ಕಾನೂನಿನ ಮೂಲಕ ಕಂಪೆನಿಗಳ ಒಡೆತನವನ್ನು ಬಿಡಿಸಿದ ಕಾರ್ಯ, ಅದು ಸ್ವಾಧೀನ. ಎರಡನೆಯದರಲ್ಲಿ ರಾಜ್ಯವು ವಹಿಸಿಕೊಟ್ಟಿತು, ಕೇಂದ್ರವು ವಹಿಸಿಕೊಂಡಿತು. ಇಂಗ್ಲಿಷಿನಲ್ಲಿ ಮುಚ್ಚಿಹೋಗುವ ಈ ಭೇದವನ್ನು ಕನ್ನಡದಲ್ಲಿ ಒಂದು ಮಾತಿನಿಂದ ತೋರಿಸಬಹುದಾಗಿರುವಾಗ, ಎರಡಕ್ಕೂ ‘ರಾಷ್ಟ್ರೀಕರಣ’ವೆಂದು ಬರೆದುಬಿಡುವುದು ಸೋಮಾರಿತನವೇ ಸರಿ.

ಹಳೆಯ ಕಂದಾಯದ ಪರಿಭಾಷೆಯಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಶಬ್ದವಿದ್ದಿತು: ‘ಅಮಾನಿ’. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದಕ್ಕೆ ಆ ಹೆಸರು. ಕಂಪೆನಿ ಕೈಗೆ ತೆಗೆದುಕೊಂಡ ಮೈಸೂರನ್ನು ಅಮಾನಿಯೆನ್ನಬಹುದೆ ಎಂದು ನಮ್ಮ ವಿದ್ಯಾರ್ಥಿಯೊಬ್ಬನು ಕೇಳಿದ್ದುಂಟು. ಪ್ರಶ್ನೆ ಜಾಣತನದ್ದು. ಆದರೆ ಅಮಾನಿಯೆಂಬುದರ ಮೂಲ ಅರಬ್ಬೀ ಶಬ್ದಕ್ಕೆ ನಂಬಿ ಒಪ್ಪಿಸಿದ್ದು ಎಂದರ್ಥ. ಅಲ್ಲಿಯೂ ಕೊಡುವವನು ಬಂದು ನಿಲ್ಲುತ್ತಾನೆ. ಶಿಡ್ಲಘಟ್ಟದಲ್ಲಿಯೂ ತುಮಕೂರಿನಲ್ಲಿಯೂ ‘ಅಮಾನಿಕೆರೆ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಕಂದಾಯದ ಆ ಶಬ್ದ ಮಾತ್ರ ಕಚೇರಿಗಳಿಂದ ಮರೆಯಾಗಿದೆ.