ಬೇಯಿಸಿದ ಆಲೂಗಡ್ಡೆಯ ಸಾಕ್ಷ್ಯ

ನಮ್ಮ ವಿಜ್ಞಾನದ ಪಾಠಗಳಲ್ಲಿ ಅಭಿಸರಣೆಯ ವಿವರಣೆಯಷ್ಟು ನೆಮ್ಮದಿಯಿಂದ ಬಾಳಿದ್ದು ಅಪರೂಪ. ಸಕ್ಕರೆ ಕರಗಿದ ಕಡೆ ನೀರಿನ ಸಾರತೆ ಕಡಿಮೆ, ಬರಿ ನೀರಿನ ಕಡೆ ಹೆಚ್ಚು. ಹಾಗಾಗಿ ನೀರು ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಪೊರೆಯನ್ನು ದಾಟಿ ವಿಸರಣೆಗೊಳ್ಳುತ್ತದೆ. ಹೈಸ್ಕೂಲಿನಲ್ಲಿ ಕಲಿತ ಈ ಮಾತನ್ನು ಪಿಯುಸಿಯಲ್ಲೂ ಅದರಾಚೆಗೂ ಬರೆದು ಪೂರ್ತಿ ಅಂಕ ಪಡೆಯಬಹುದು. ನೀರು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಅದು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತದೆ, ನೆನಪಿಡಲೂ ಸುಲಭ. ಅದರ ಗುಣ ಅಲ್ಲಿಗೆ ಮುಗಿಯಿತು. ನೀರು ಯಾಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರ ತಪ್ಪು.

 ಅದು ತಪ್ಪೆಂದು ತೋರಿಸಲು ನನಗಿಲ್ಲಿ ಬೇಕಾದವರು ಫೆಫರ್ ಮತ್ತು ವಾಂಟ್ ಹಾಫ್ ಎಂಬ ಇಬ್ಬರು ವಿಜ್ಞಾನಿಗಳು. ಫೆಫರ್ 1877ರಲ್ಲಿ ಪ್ರಕಟಿಸಿದ ಅಳತೆಗಳನ್ನು ಹಿಡಿದು ವಾಂಟ್ ಹಾಫ್ 1887ರಲ್ಲಿ ಒಂದು ನಿಯಮ ಕಂಡುಕೊಂಡರು: ತೆಳು ದ್ರಾವಣದ ಅಭಿಸರಣಾ ಒತ್ತಡ ಅದರಲ್ಲಿ ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ. ಆ ಕಣ ದೊಡ್ಡದೋ ಚಿಕ್ಕದೋ, ಎಷ್ಟು ನೀರಿನ ಜಾಗ ಕಬಳಿಸಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪಠ್ಯಪುಸ್ತಕದ ವಿವರಣೆ ನಿಂತಿರುವುದೇ ಆ ಕಬಳಿಸಿದ ಜಾಗದ ಮೇಲೆ.

ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಎರಡು ಬಾಟಲಿಗಳನ್ನು ನೋಡಿ: 0.9 ಶೇಕಡಾ ಸಲೈನ್, 5 ಶೇಕಡಾ ಡೆಕ್ಸ್‌ಟ್ರೋಸ್. ಬಾಟಲಿಯಲ್ಲಿರುವಾಗ ಎರಡರ ಅಭಿಸರಣಾ ಒತ್ತಡವೂ ರಕ್ತದ್ದಕ್ಕೆ ಹತ್ತಿರ, ಏಳು ವಾತಾವರಣಗಳ ಆಸುಪಾಸು. ಒಂದು ಲೀಟರ್ ಸಲೈನಿನಲ್ಲಿ 9 ಗ್ರಾಂ ಉಪ್ಪು. ಅದು ಆಕ್ರಮಿಸುವ ಜಾಗ ಸುಮಾರು 3 ಮಿಲಿಲೀಟರ್. ಒಂದು ಲೀಟರ್ ಡೆಕ್ಸ್‌ಟ್ರೋಸ್ ದ್ರಾವಣದಲ್ಲಿ 50 ಗ್ರಾಂ ಸಕ್ಕರೆ. ಅದು ಆಕ್ರಮಿಸುವುದು ಸುಮಾರು 30 ಮಿಲಿಲೀಟರ್. ಅಂದರೆ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ನೀರಿನ ಕೊರತೆ ಹತ್ತು ಪಟ್ಟು. ನೀರಿನ ಸಾರತೆಯೇ ಕಾರಣವಾಗಿದ್ದರೆ ಅದರ ಸೆಳೆತವೂ ಹತ್ತು ಪಟ್ಟು ಇರಬೇಕಿತ್ತು. ಇಲ್ಲ, ಎರಡೂ ಹೆಚ್ಚುಕಡಿಮೆ ಸಮ. ಕಣಗಳನ್ನು ಎಣಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ: ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಒಡೆದು ಲೀಟರಿಗೆ 308 ಮಿಲಿಮೋಲ್ ಕಣಗಳಾಗುತ್ತದೆ, ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸ್ ಒಡೆಯದೆ ಸುಮಾರು 278.

ಮಕ್ಕಳಿಗೆ ಸರಳಗೊಳಿಸಿ ಹೇಳಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಹೇಳಬೇಕು. ಆದರೆ ಸರಳಗೊಳಿಸಿದ ಮಾತು ನಿಜದ ಹತ್ತಿರ ಸುಳಿಯಬೇಕು, ಹತ್ತು ಪಟ್ಟು ತಪ್ಪಿದ್ದನ್ನು ಸರಳ ಎನ್ನಲಾಗದು. ಇದಕ್ಕಿಂತ ಗಟ್ಟಿಯಾದ ವಾದ ಥರ್ಮೋಡೈನಮಿಕ್ಸ್ ಬಲ್ಲವರದು. ನೀರಿನ ಸಾರತೆ ಎಂಬಲ್ಲಿ ರಾಸಾಯನಿಕ ವಿಭವ ಎಂದು ಓದಿಕೊಂಡರೆ ಎಲ್ಲ ಸರಿಹೋಗುತ್ತದೆ, ಬೇರೆ ಕಾರಣ ಹುಡುಕುವುದು ವ್ಯರ್ಥ ಎನ್ನುತ್ತಾರೆ. ನೀರಿನ ದಿಕ್ಕು, ಅದು ನಿಲ್ಲುವ ಹಂತ ಎರಡನ್ನೂ ಆ ಲೆಕ್ಕ ಕರಾರುವಾಕ್ಕಾಗಿ ಕೊಡುತ್ತದೆ, ಒಪ್ಪಿದೆ. ಪೊರೆಯೊಳಗೆ ನೀರು ಹೇಗೆ ಚಲಿಸುತ್ತದೆ ಎಂಬುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಬಿಡಿಸಿದವರು ಪ್ರಯೋಗ ಮಾಡಿದವರು. 1953ರಲ್ಲಿ ಡೆನ್ಮಾರ್ಕಿನ ಕೋಫೋಡ್-ಯೋನ್ಸೆನ್ ಮತ್ತು ಉಸ್ಸಿಂಗ್ ನೆಲಗಪ್ಪೆಯ ಚರ್ಮದ ಮೂಲಕ ಭಾರಜಲ ಹಾಯಿಸಿ ಬರಿಯ ವಿಸರಣೆ ಎಷ್ಟೆಂದು ಅಳೆದರು. ಪಿಟ್ಯುಟರಿಯ ಹಿಂಭಾಗದ ಹಾರ್ಮೋನು ಕೊಟ್ಟಾಗ ಅಭಿಸರಣೆಯ ಹರಿವು ಬಹಳ ಏರಿತು, ಭಾರಜಲದ ವಿಸರಣೆ ಮಾತ್ರ ಅಷ್ಟು ಏರಲಿಲ್ಲ. ಎರಡೂ ಒಂದೇ ಆಗಿದ್ದರೆ ಜೊತೆಜೊತೆಗೆ ಏರಬೇಕಿತ್ತು. 1957ರಲ್ಲಿ ಅಲೆಕ್ಸಾಂಡರ್ ಮಾರೊ ಕೃತಕ ಪೊರೆಗಳಲ್ಲೂ ಇಂಥದ್ದೇ ಅಂತರ ತೋರಿಸಿದರು. 2012ರಲ್ಲಿ ಎರಿಕ್ ಕ್ರೇಮರ್ ಮತ್ತು ಡೇವಿಡ್ ಮೈಯರ್ಸ್ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಭಿಸರಣೆಯ ಬಗೆಗಿನ ಐದು ತಪ್ಪು ಕಲ್ಪನೆಗಳನ್ನು ಬಿಡಿಸಿಟ್ಟರು. ಇಷ್ಟಾದರೂ ಪಾಠದ ಸಾಲು ಅಲುಗಿಲ್ಲ. ಈ ಉದಾಸೀನ ನನಗೆ ನೋವಿನ ವಿಷಯ.

ಇನ್ನೂ ದುಃಖದ ಮಾತೆಂದರೆ ಸರಿಯಾದ ಪಾಠಕ್ಕೆ ಬೇಕಾದ ಪ್ರಯೋಗ ನಮ್ಮ ಪುಸ್ತಕದಲ್ಲೇ ಇತ್ತು. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ, ಜೀವಕೋಶದ ಅಧ್ಯಾಯದ ಅಭ್ಯಾಸದಲ್ಲಿ, ಸಿಪ್ಪೆ ಸುಲಿದು ಒಳಗೆ ಕೊರೆದ ನಾಲ್ಕು ಆಲೂಗಡ್ಡೆ ಬಟ್ಟಲುಗಳು ನೀರಿನಲ್ಲಿ ಕೂರುತ್ತವೆ. ‘ಎ’ ಖಾಲಿ, ‘ಬಿ’ಯಲ್ಲಿ ಒಂದು ಚಮಚ ಸಕ್ಕರೆ, ‘ಸಿ’ಯಲ್ಲಿ ಉಪ್ಪು, ‘ಡಿ’ಯಲ್ಲೂ ಸಕ್ಕರೆಯೇ, ಆದರೆ ಆಲೂಗಡ್ಡೆ ಬೇಯಿಸಿದ್ದು. ಎರಡು ಗಂಟೆಯ ನಂತರ ‘ಬಿ’, ‘ಸಿ’ಗಳಲ್ಲಿ ನೀರು ಕೂಡಿರುತ್ತದೆ. ಎಲ್ಲರ ಕಣ್ಣೂ ಅಲ್ಲೇ. ‘ಡಿ’ಗೆ ಸಿಗುವುದು ಒಂದೇ ಸಾಲು: ಜೀವಕೋಶಗಳು ಸತ್ತಿವೆ, ಅಭಿಸರಣೆ ಇಲ್ಲ.

ಸಾವು ಇದಕ್ಕೆ ಕಾರಣವಲ್ಲ. ಫೆಫರ್ ಬಳಸಿದ್ದು ಮಣ್ಣಿನ ಪಾತ್ರೆ, ಅದರ ರಂಧ್ರಗಳಲ್ಲಿ ಕೂರಿಸಿದ ತಾಮ್ರದ ಫೆರೋಸಯನೈಡ್ ಪೊರೆ. ಎಂದೂ ಜೀವವಿಲ್ಲದ ಆ ಪೊರೆಯಲ್ಲೂ ಅಭಿಸರಣೆ ಸೊಗಸಾಗಿ ನಡೆಯಿತು. ‘ಡಿ’ ಬಟ್ಟಲಿನಲ್ಲೂ ಸಕ್ಕರೆ ಹಾಕಿದ ಹೊತ್ತಿಗೆ ಒಳಗಿನ ಪಾಕಕ್ಕೂ ಹೊರಗಿನ ನೀರಿಗೂ ‘ಬಿ’ಯಲ್ಲಿರುವ ವ್ಯತ್ಯಾಸವೇ ಇದೆ. ನೀರಿನ ಸಾರತೆಯೊಂದೇ ಸಾಕಾಗಿದ್ದರೆ ಅಲ್ಲೂ ನೀರು ತುಂಬಬೇಕಿತ್ತು. ಬೇಯಿಸಿದಾಗ ಹೋದದ್ದು ಸಕ್ಕರೆಯನ್ನು ತಡೆಯುವ ಪೊರೆಯ ಶಕ್ತಿ. ಹಸಿ ಆಲೂಗಡ್ಡೆಯಲ್ಲಿ ಪೊರೆಯತ್ತ ಬಂದ ಸಕ್ಕರೆಯ ಅಣುಗಳನ್ನು ಪೊರೆ ಹಿಂದಕ್ಕೆ ನೂಕುತ್ತದೆ. ಅವು ಡಿಕ್ಕಿ ಹೊಡೆದು ತಮ್ಮ ಸುತ್ತಲ ನೀರನ್ನೂ ಪೊರೆಯಿಂದ ಆಚೆ ತಳ್ಳುತ್ತವೆ. ಪೊರೆಯ ರಂಧ್ರಗಳ ಬಾಯಲ್ಲಿ ಒತ್ತಡ ತಗ್ಗಿ ಹೊರಗಿನ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಂದ ಆಲೂಗಡ್ಡೆಯಲ್ಲಿ ಸಕ್ಕರೆಯನ್ನು ನೂಕುವವರೇ ಇಲ್ಲ, ಅದು ಸಲೀಸಾಗಿ ಹೊರಗೆ ಹೋಗುತ್ತದೆ. ಡೆಕ್ಸ್‌ಟ್ರೋಸಿನ ಡ್ರಿಪ್ ವಿಷಯದಲ್ಲಿ ವೈದ್ಯರಿಗೆ ಇದು ಗೊತ್ತು: ಗ್ಲೂಕೋಸ್ ಜೀವಕೋಶಗಳ ಒಳಹೊಕ್ಕು ಬಳಕೆಯಾದ ಮೇಲೆ ಅದರ ಸೆಳೆತ ಉಳಿಯುವುದಿಲ್ಲ, ರೋಗಿಗೆ ಕೊಟ್ಟದ್ದು ಬರಿ ನೀರಿಗೆ ಸಮ. ‘ಡಿ’ಯಲ್ಲಿ ನೀರು ಯಾಕೆ ಕೂಡಲಿಲ್ಲ ಎಂಬ ಪ್ರಶ್ನೆಗೆ, ಪೊರೆ ಸಕ್ಕರೆಯನ್ನು ತಡೆಯಲಿಲ್ಲ ಎಂದು ಬರೆಯುವ ವಿದ್ಯಾರ್ಥಿಗೇ ಪೂರ್ತಿ ಅಂಕ ಸಲ್ಲಬೇಕು.