ಅಂಗಸಾಧಕನ ಭಯಾನಕ: ವಿಲಿಯಂ ಹೋಪ್ ಹಾಜ್‌ಸನ್ನನ ಬಾಳು ಮತ್ತು ಬರೆಹ

1

ಬಾಳೇ ಕಥೆಯಂತಿರುವ ಲೇಖಕನನ್ನು ಕುರಿತು ಬರೆಯುವ ವಿಮರ್ಶಕನಿಗೆ ಎರಡು ಅಪಾಯಗಳುಂಟು. ಬಾಳಿನ ರೋಚಕ ಸಂಗತಿಗಳನ್ನು ಬಣ್ಣಿಸುವ ಉತ್ಸಾಹದಲ್ಲಿ ಕೃತಿಗಳನ್ನು ಮರೆಯುವುದು ಒಂದು. ಬಾಳಿನ ಪ್ರತಿಯೊಂದು ಘಟನೆಗೂ ಕೃತಿಯಲ್ಲಿ ಒಂದೊಂದು ಪ್ರತಿಬಿಂಬವನ್ನು ಹುಡುಕಿ ಅಷ್ಟರಿಂದಲೇ ತೃಪ್ತಿಪಡುವುದು ಇನ್ನೊಂದು. ಇಂಗ್ಲಿಷಿನ ಭಯಾನಕ ಕಥಾಸಾಹಿತ್ಯದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿರುವ ವಿಲಿಯಂ ಹೋಪ್ ಹಾಜ್‌ಸನ್ನನ (1877-1918) ವಿಷಯದಲ್ಲಿ ಈ ಎರಡೂ ನಡೆದಿವೆ. ನಾವಿಕ, ಅಂಗಸಾಧಕ, ಆತ್ಮರಕ್ಷಣೆಯ ವಿದ್ಯೆಗಳ ಅಭ್ಯಾಸಿ, ಕಥೆಗಾರ, ಕಡೆಗೆ ರಣರಂಗದಲ್ಲಿ ಮಡಿದ ಸೈನಿಕ - ಇಷ್ಟು ವೇಷಗಳು ನಲವತ್ತು ವರ್ಷಗಳ ಒಂದೇ ಬಾಳಿನಲ್ಲಿ ಬಂದುಹೋದುವು. ಎಳವೆಯಲ್ಲಿ ಪೆಟ್ಟುತಿಂದವನು ಅಂಜಿಕೆಯಿಂದ ಮೈಯನ್ನು ಬೆಳೆಸಿದನು, ಮೈ ಬೆಳೆದರೂ ಹೋಗದ ಅಂಜಿಕೆ ಕಥೆಯಾಯಿತು ಎಂಬುದು ಇವನನ್ನು ಕುರಿತು ಸುಲಭವಾಗಿ ಕೇಳಿಬರುವ ಸಮೀಕರಣ.

ಪ್ರಸ್ತುತ ಲೇಖನವು ಈ ಸಮೀಕರಣವನ್ನು ಒಪ್ಪುವುದಿಲ್ಲ. ಹಾಜ್‌ಸನ್ನನಿಗೆ ಅಂಗಸಾಧನೆಯು ಭಯದ ಕಾರಣವನ್ನಲ್ಲ, ಭಯದ ಅಳತೆಗೋಲನ್ನು ಒದಗಿಸಿತು. ಮನುಷ್ಯದೇಹವು ಎಷ್ಟು ತಾಳಬಲ್ಲದು, ಎಲ್ಲಿ ಸೋಲುತ್ತದೆ ಎಂಬುದು ಅವನಿಗೆ ಗುರುವಿನ ಅನುಭವದಿಂದ ತಿಳಿದಿತ್ತು. ಆ ತಿಳಿವನ್ನು ದೇಹದ ಸೋಲನ್ನು ತೋರಿಸಲು ಬಳಸಿದಲ್ಲೆಲ್ಲ ಅವನು ಗೆದ್ದಿದ್ದಾನೆ; ದೇಹದ ಹೆಮ್ಮೆಯನ್ನು ಮೆರೆಸಲು ಬಳಸಿದಲ್ಲೆಲ್ಲ ಸೋತಿದ್ದಾನೆ. ಇದನ್ನು ಸಾಧಾರವಾಗಿ ತೋರಿಸುವುದೇ ಇಲ್ಲಿನ ಉದ್ದೇಶ.

ಅಂಗಸಾಧಕನು ಕಥೆ ಬರೆಯುವುದು ಕನ್ನಡ ಓದುಗರಿಗೆ ಅಚ್ಚರಿಯ ಸಂಗತಿಯೇನೂ ಅಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಗಸಾಧನೆಯ ಗ್ರಂಥಗಳೊಡನೆ 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನೂ ಕೊಟ್ಟ ಕೆ. ವಿ. ಅಯ್ಯರ್ ಅವರ (1897-1980) ನಿದರ್ಶನ ನಮ್ಮ ಮುಂದಿದೆ. ಯೂಜೀನ್ ಸ್ಯಾಂಡೋ ಲೋಕಪ್ರಿಯಗೊಳಿಸಿದ ದೇಹಸಂಸ್ಕಾರದ ಚಳವಳಿಯೇ ಇಬ್ಬರಿಗೂ ಹಿನ್ನೆಲೆ. ಅಯ್ಯರ್ ಅವರಲ್ಲಿ ಆ ಸಂಸ್ಕಾರವು ರೂಪದ ಆರಾಧನೆಯ ಕಡೆಗೆ ಸಾಗಿತು. ಹಾಜ್‌ಸನ್ನನಲ್ಲಿ ಅದು ರೂಪದ ನಾಶವನ್ನು ನೋಡುವ ಕಣ್ಣಾಯಿತು.

2

ಹಾಜ್‌ಸನ್ ಹುಟ್ಟಿದ್ದು 1877ರ ನವೆಂಬರ್ 15ರಂದು, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ. ತಂದೆ ಸ್ಯಾಮ್ಯುಯಲ್ ಹಾಜ್‌ಸನ್ ಆಂಗ್ಲಿಕನ್ ಪಾದ್ರಿ. ಹನ್ನೆರಡು ಮಕ್ಕಳ ಸಂಸಾರ, ಊರಿಂದೂರಿಗೆ ವರ್ಗ. ಕೆಲವು ವರ್ಷ ಈ ಕುಟುಂಬ ಐರ್ಲೆಂಡಿನ ಪಶ್ಚಿಮಭಾಗದ ಗಾಲ್ವೆ ಸೀಮೆಯಲ್ಲಿ ನೆಲೆಸಿತ್ತು. ಆ ನಿರ್ಜನ ಪ್ರದೇಶವೇ ಮುಂದೆ ಅವನ ಪ್ರಸಿದ್ಧ ಕಾದಂಬರಿಯೊಂದರ ಭೂಮಿಕೆಯಾಯಿತು. ಶಾಲೆಯಿಂದ ಓಡಿಹೋಗಿ ಹಡಗು ಸೇರಲು ಹವಣಿಸಿದ ಹುಡುಗನು ಕಡೆಗೆ 1891ರಲ್ಲಿ ಕರಾರಿನ ಮೇಲೆ ವ್ಯಾಪಾರದ ಹಡಗಿನಲ್ಲಿ ಶಿಷ್ಯನಾವಿಕನಾದನು. ಮರುವರ್ಷವೇ ತಂದೆ ತೀರಿಕೊಂಡನು. ಸಂಸಾರವು ಬಡತನಕ್ಕೆ ಬಿತ್ತು.

ಹಡಗಿನ ಬಾಳಿನ ಕಾಠಿಣ್ಯವನ್ನು ಅವನು ಮರೆಯಲಿಲ್ಲ. ಆಹಾರ ಕೆಟ್ಟದ್ದು, ಸಂಬಳ ಅತ್ಯಲ್ಪ, ಮೇಲಿನವರ ಕೈಗೆ ತಡೆಯಿಲ್ಲ. ಶಿಷ್ಯವೃತ್ತಿಗೆಂದು ತಂದೆತಾಯಿಗಳಿಂದ ಹಣ ಪಡೆದು ಹುಡುಗರನ್ನು ಅಗ್ಗದ ಆಳುಗಳಂತೆ ದುಡಿಸುವ ಪದ್ಧತಿಯನ್ನು ಅವನು 1905-06ರ ಸುಮಾರಿನಲ್ಲಿ ಪತ್ರಿಕಾಲೇಖನಗಳಲ್ಲಿ ಕಟುವಾಗಿ ಖಂಡಿಸಿದನು. ಚರಿತ್ರಕಾರನ ದೃಷ್ಟಿಯಲ್ಲಿ ಈ ಲೇಖನಗಳು ಕಥೆಗಳಿಗಿಂತ ಕಡಿಮೆ ಬೆಲೆಯವಲ್ಲ. ಹಾಯಿಹಡಗಿನ ಯುಗ ಮುಗಿಯುತ್ತಿದ್ದಾಗ ಅದರ ಕೆಳಅಂತಸ್ತಿನಿಂದ ಬಂದ ಸಾಕ್ಷ್ಯವಿದು. ಇಂಥ ಕಡೆ ಮೈಬಲವು ಅಲಂಕಾರವಲ್ಲ, ಅನ್ನದಷ್ಟೇ ಅಗತ್ಯ. ಹುಡುಗನು ಗಿಡ್ಡನಾಗಿದ್ದನು, ಅವನನ್ನು ಕಾಡುವವರಿದ್ದರು. ಅವನು ಹಟದಿಂದ ಮೈಯನ್ನು ತಿದ್ದಿಕೊಂಡನು. 1898ರಲ್ಲಿ ನ್ಯೂಜಿಲೆಂಡಿನ ಬಳಿ ಷಾರ್ಕುಗಳಿದ್ದ ನೀರಿಗೆ ಬಿದ್ದ ಜೊತೆಗಾರನನ್ನು ಧುಮುಕಿ ಕಾಪಾಡಿದ್ದಕ್ಕಾಗಿ ಅವನಿಗೆ ರಾಯಲ್ ಹ್ಯುಮೇನ್ ಸೊಸೈಟಿಯ ಪದಕ ದೊರೆಯಿತು.

ಇಲ್ಲೊಂದು ಮಾತನ್ನು ಪರಿಶೀಲಿಸಬೇಕು. ಹಡಗಿನಲ್ಲಿದ್ದಾಗಲೇ ಅವನು ಜೂಡೋ ಕಲಿತನೆಂದು ಜೀವನಚಿತ್ರಗಳಲ್ಲಿ ಪದೇ ಪದೇ ಬರುತ್ತದೆ. ಕಾನೋ ಜಿಗೊರೊ ಟೋಕಿಯೋದಲ್ಲಿ ಜೂಡೋವನ್ನು ಸ್ಥಾಪಿಸಿದ್ದು 1882ರಲ್ಲಿ. ಬಾರ್ಟನ್-ರೈಟ್ ಎಂಬಾತನು ಜಪಾನಿನಿಂದ ಹಿಂದಿರುಗಿ ಆ ಬಗೆಯ ವಿದ್ಯೆಗಳನ್ನು ಲಂಡನ್ನಿನಲ್ಲಿ ಪ್ರಚಾರಕ್ಕೆ ತಂದದ್ದು 1899ರ ಸುಮಾರಿನಲ್ಲಿ. ಅಲ್ಲಿ ಬುಡೋಕ್ವಾಯಿ ಸಂಘ ಏರ್ಪಟ್ಟದ್ದು 1918ರಲ್ಲಿ, ಹಾಜ್‌ಸನ್ ಸತ್ತ ವರ್ಷದಲ್ಲಿ. ಹೀಗಿರುವಾಗ 1890ರ ದಶಕದ ಆರಂಭದ ಬ್ರಿಟಿಷ್ ಹಡಗಿನಲ್ಲಿ ವ್ಯವಸ್ಥಿತವಾದ ಜೂಡೋ ಶಿಕ್ಷಣವನ್ನು ಕಲ್ಪಿಸುವುದು ಕಾಲಕ್ಕೆ ಹೊಂದುವುದಿಲ್ಲ. ಹಿಡಿತ, ಪಟ್ಟು, ಬಿಡಿಸಿಕೊಳ್ಳುವಿಕೆ ಇವುಗಳಲ್ಲಿ ಅವನು ಗಳಿಸಿದ ನೈಪುಣ್ಯಕ್ಕೆ ಆ ಹೆಸರು ನಿಂತಿದೆ ಎಂದು ತಿಳಿಯುವುದು ಲೇಸು. ಹೆಸರು ಸಡಿಲವಾದರೂ ಹುರುಳು ಸಡಿಲವಲ್ಲ: ಎದುರಾಳಿಯ ದೇಹವನ್ನು ಕೀಲುಕೀಲಾಗಿ ಓದಬಲ್ಲ ಕಣ್ಣು ಅವನಲ್ಲಿ ಬೆಳೆದಿತ್ತು.

3

ಆ ಕಣ್ಣಿಗೆ ಪ್ರಸಿದ್ಧ ಸಾಕ್ಷ್ಯವೊಂದಿದೆ. 1899ರಲ್ಲಿ ಸಮುದ್ರವನ್ನು ತೊರೆದ ಹಾಜ್‌ಸನ್ ಲ್ಯಾಂಕಷೈರಿನ ಬ್ಲ್ಯಾಕ್‌ಬರ್ನ್ ಪಟ್ಟಣದಲ್ಲಿ ಅಂಗಸಾಧನೆಯ ಶಾಲೆಯೊಂದನ್ನು ತೆರೆದನು. ಊರಿನ ಪೊಲೀಸರೂ ಅಲ್ಲಿ ಶಿಕ್ಷಣ ಪಡೆಯುತ್ತಿದ್ದರು. 1902ರ ಅಕ್ಟೋಬರಿನಲ್ಲಿ, ಯಾವ ಬೇಡಿಯಿಂದಲಾದರೂ ಬಿಡಿಸಿಕೊಳ್ಳುವೆನೆಂದು ಪಣವೊಡ್ಡುತ್ತಿದ್ದ ಹ್ಯಾರಿ ಹುಡೀನಿ ಆ ಊರಿನ ರಂಗಮಂದಿರಕ್ಕೆ ಬಂದನು. ಹಾಜ್‌ಸನ್ ತನ್ನದೇ ಬೇಡಿಗಳನ್ನು ತಂದು ಅವನನ್ನು ಬಿಗಿದನು. ತೋಳುಗಳು ಎಲ್ಲಿ ಬಲಗುಂದುತ್ತವೆ, ರಕ್ತಸಂಚಾರ ಎಲ್ಲಿ ತಡೆಯುತ್ತದೆ ಎಂಬುದನ್ನು ಬಲ್ಲವನು ಹಾಕಿದ ಬಿಗಿ ಅದು. ಬೇಡಿಗಳನ್ನು ಮೊದಲೇ ಕೆಡಿಸಲಾಗಿದೆ ಎಂದು ಹುಡೀನಿ ಆಕ್ಷೇಪಿಸಿದನು. ಆದರೂ ಪಂದ್ಯಕ್ಕೆ ಒಪ್ಪಿ, ಸುಮಾರು ಎರಡು ಗಂಟೆ ಹೆಣಗಾಡಿ, ತೋಳುಗಳಲ್ಲಿ ಗಾಯಗಳೊಡನೆ ಹೊರಬಂದನು. ನೆರೆದವರ ಕನಿಕರವೆಲ್ಲ ಬಂದಿಯ ಕಡೆಗೆ ಹರಿಯಿತು.

ಹಾಜ್‌ಸನ್ನನ ಪರಾಕ್ರಮಕ್ಕೆ ಗುರುತೆಂದು ಈ ಪ್ರಸಂಗವನ್ನು ಹೇಳುವುದುಂಟು. ಅದು ಹೆಚ್ಚು ಸಮಂಜಸವಾದ ಓದಲ್ಲ. ಅಂದು ರಂಗದ ಮೇಲೆ ಕಂಡದ್ದು ಅತ್ಯಂತ ಪಳಗಿದ ದೇಹವೊಂದು ಕ್ರಮೇಣ ಅಸಹಾಯವಾಗುವ ದೃಶ್ಯ. ಅವನ ಉತ್ತಮ ಕಥೆಗಳ ಬೀಜವೂ ಇದೇ. ಎದುರಾಳಿಯನ್ನು ಹೊಡೆದು ಉರುಳಿಸುವುದು ಅಲ್ಲಿ ಮುಖ್ಯವಲ್ಲ. ಬಲಶಾಲಿಯ ಬಲವು ಒಂದೊಂದಾಗಿ ಕೆಲಸಕ್ಕೆ ಬಾರದೆ ಹೋಗುವುದೇ ಮುಖ್ಯ.

ವ್ಯಾಯಾಮಶಾಲೆಯು ಜೀವನಕ್ಕೆ ಸಾಲಲಿಲ್ಲ. ಅಂಗಸಾಧನೆಯ ಮೇಲೆ ಲೇಖನಗಳನ್ನು ಬರೆದು ಲೇಖನಿಯನ್ನು ಹಿಡಿದವನು 1904ರಲ್ಲಿ ಮೊದಲ ಕಥೆಯನ್ನು ಪ್ರಕಟಿಸಿದನು. 1907ರಿಂದ 1912ರವರೆಗೆ ನಾಲ್ಕು ಕಾದಂಬರಿಗಳು ಹೊರಬಂದುವು.

4

ನಮ್ಮ ಆಲಂಕಾರಿಕರು ವೀರರಸವನ್ನು ಉತ್ತಮಪ್ರಕೃತಿಗೂ ಭಯಾನಕವನ್ನು ಸ್ತ್ರೀನೀಚಪ್ರಕೃತಿಗೂ ಹೊಂದಿಸಿದರು. ಅಂಜುವವನು ಸಹಜವಾಗಿಯೇ ದುರ್ಬಲನಾಗಿರಬೇಕು ಎಂಬುದು ಇದರ ತಾತ್ಪರ್ಯ. ಯುರೋಪಿನ ಭೂತಕಥೆಗಳಲ್ಲಿಯೂ ಬಹುಮಟ್ಟಿಗೆ ಇದೇ ಕ್ರಮವಿತ್ತು. ನರದೌರ್ಬಲ್ಯದ ವಿದ್ವಾಂಸ, ಏಕಾಂಗಿ ಕನ್ಯೆ, ರೋಗಿ ಇವರೇ ಅಲ್ಲಿ ಭಯಕ್ಕೆ ಆಶ್ರಯ. ಹಾಜ್‌ಸನ್ನನು ಈ ಕ್ರಮವನ್ನು ಮುರಿದನು. ಅವನ ಕಥೆಗಳಲ್ಲಿ ಅಂಜುವವರು ಹಗ್ಗ ಹಿಡಿದು ಕೈ ಜಡ್ಡುಗಟ್ಟಿದ ನಾವಿಕರು. ವೀರದ ಆಶ್ರಯವೇ ಭಯಾನಕದ ಆಶ್ರಯವಾಗುವುದರಿಂದ ಓದುಗನು 'ಇವನು ಪುಕ್ಕಲ, ಅದಕ್ಕಾಗಿ ಅಂಜಿದ' ಎಂದು ತಪ್ಪಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

'ದಿ ಗೋಸ್ಟ್ ಪೈರೇಟ್ಸ್' (1909) ಇದಕ್ಕೆ ಒಳ್ಳೆಯ ನಿದರ್ಶನ. ಹಡಗಿನ ಕೆಲಸದ ವಿವರ ಅಲ್ಲಿ ಇಂಚಿಂಚಾಗಿ ಬರುತ್ತದೆ: ಸರದಿ ಕಾವಲು, ಹಾಯಿ ಬಿಗಿಯುವುದು, ಕತ್ತಲಲ್ಲಿ ಕೂವೆಮರವನ್ನು ಹತ್ತುವುದು. ಕಡಲಿನಿಂದ ನೆರಳಿನಂತಹ ಆಕೃತಿಗಳು ಹಡಗನ್ನೇರುತ್ತವೆ. ಪಳಗಿದ ನಾವಿಕರು ಮೇಲಿನಿಂದ ಒಬ್ಬೊಬ್ಬರಾಗಿ ಬೀಳತೊಡಗುತ್ತಾರೆ. ಕೆಲಸದಲ್ಲಿ ಅವರಿಂದ ಲೋಪವಿಲ್ಲ. ಆದರೂ ಹಿಡಿತ ಜಾರುತ್ತದೆ. ಕೃತಿಯಲ್ಲಿ ವಿಶೇಷಣಗಳು ಕಡಿಮೆ, ಕ್ರಿಯಾಪದಗಳು ಹೆಚ್ಚು. ಇದು ಅವನ ಅತ್ಯಂತ ಹದವಾದ ಕಾದಂಬರಿ ಎಂಬುದು ನನ್ನ ಅಭಿಪ್ರಾಯ.

'ದಿ ವಾಯ್ಸ್ ಇನ್ ದಿ ನೈಟ್' (1907) ಎಂಬ ಸಣ್ಣಕಥೆ ಇನ್ನೂ ಮುಂದೆ ಹೋಗುತ್ತದೆ. ಗಾಳಿಯಿಲ್ಲದ ಇರುಳಿನಲ್ಲಿ ನಿಂತ ಹಡಗಿನ ಬಳಿಗೆ ದೋಣಿಯೊಂದು ಬಂದು ಆಹಾರ ಬೇಡುತ್ತದೆ; ದೋಣಿಯವನು ಬೆಳಕಿಗೆ ಬರಲೊಲ್ಲ. ತಾನೂ ತನ್ನ ವಾಗ್ದತ್ತೆಯೂ ಸೇರಿದ ದ್ವೀಪವನ್ನೆಲ್ಲ ಬೂದುಬಣ್ಣದ ಅಣಬೆ ಆವರಿಸಿದೆ, ಅದು ತಮ್ಮ ಮೈಮೇಲೆಯೂ ಬೆಳೆಯುತ್ತಿದೆ, ಹಸಿವಿಗೆ ಸೋತು ಅದನ್ನೇ ತಿಂದೆವು ಎಂದು ಅವನು ಹೇಳುತ್ತಾನೆ. ಇಲ್ಲಿ ಕುಸ್ತಿಗೆ ಎದುರಾಳಿಯೇ ಇಲ್ಲ. ಶತ್ರುವು ಹೊರಗಿನಿಂದ ಹಿಡಿಯುವುದಿಲ್ಲ, ಚರ್ಮವೇ ಆಗಿಬಿಡುತ್ತದೆ. ದೇಹವನ್ನು ದಿನದಿನವೂ ಅಳೆದು ತಿದ್ದುವವನಿಗೆ ಇದಕ್ಕಿಂತ ಘೋರವಾದ ಕಲ್ಪನೆ ಇರಲಾರದು. ಆದರೂ ಕಥೆಯ ಕೊನೆಯಲ್ಲಿ ಉಳಿಯುವುದು ಬರಿಯ ಜುಗುಪ್ಸೆಯಲ್ಲ. ರೂಪವನ್ನು ಕಳೆದುಕೊಂಡವನು ತನ್ನ ನಲ್ಲೆಗೆ ಅನ್ನ ಬೇಡಲು ಬಂದನಷ್ಟೆ. ಬೀಭತ್ಸದ ನಡುವೆ ಕರುಣ ಮೂಡುತ್ತದೆ. ಈ ಕಥೆಯ ಆಧಾರದ ಮೇಲೆ 1963ರಲ್ಲಿ ಜಪಾನಿನಲ್ಲಿ 'ಮಟಾಂಗೊ' ಎಂಬ ಚಲನಚಿತ್ರ ಸಿದ್ಧವಾಯಿತು.

'ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್' (1908) ವಿಸ್ತಾರದಲ್ಲಿ ಬೇರೆಯೇ ಬಗೆಯದು. ಐರ್ಲೆಂಡಿನ ಪಾಳುಮನೆಯಲ್ಲಿ ಸಿಕ್ಕ ಹಸ್ತಪ್ರತಿಯಲ್ಲಿ ಮುದುಕನೊಬ್ಬನ ವೃತ್ತಾಂತವಿದೆ. ಹಂದಿಮೊಗದ ಜೀವಿಗಳ ಮುತ್ತಿಗೆಯನ್ನು ಅವನು ಕೋವಿ ಹಿಡಿದು, ಬಾಗಿಲುಗಳಿಗೆ ಆಸರೆ ಕೊಟ್ಟು ಎದುರಿಸುತ್ತಾನೆ. ಬಳಿಕ ಕಾಲವು ವೇಗಗೊಂಡು ಸೂರ್ಯನೇ ನಂದುವ ಮಹಾದರ್ಶನ. ಅದರ ಮುಂದೆ ಕೋವಿ, ಬಾಗಿಲು, ದೇಹ ಎಲ್ಲವೂ ಧೂಳಾಗುತ್ತವೆ. ಆದರೂ ಲೇಖಕನು ಕೃತಿಯನ್ನು ಆಕಾಶದಲ್ಲಿ ಮುಗಿಸುವುದಿಲ್ಲ. ಮುದುಕನ ಮೈಮೇಲೆ ಹಬ್ಬುವ ಹೊಳೆಯುವ ಕಲೆಯೊಂದಕ್ಕೆ ಇಳಿಸಿ ಮುಗಿಸುತ್ತಾನೆ. ಬ್ರಹ್ಮಾಂಡದ ಭಯವನ್ನು ಚರ್ಮದ ಮೇಲೆ ತಂದು ನಿಲ್ಲಿಸಿದ್ದರಲ್ಲಿ ಅವನ ಪ್ರತಿಭೆಯಿದೆ.

ಕಾರ್ನಾಕಿ ಎಂಬ ಭೂತಾನ್ವೇಷಕನ ಕಥೆಗಳು (ಪುಸ್ತಕರೂಪ 1913) ಇಷ್ಟು ಗಂಭೀರವಲ್ಲ. ವಿದ್ಯುತ್ತಿನ ಪಂಚಕೋಣವೆಂಬ ರಕ್ಷಾಯಂತ್ರದೊಳಗೆ ಕುಳಿತು, ಬಾಗಿಲುಗಳಿಗೆ ಮುದ್ರೆಯೊತ್ತಿ, ಛಾಯಾಚಿತ್ರ ತೆಗೆದು ಪರೀಕ್ಷಿಸುವ ಈತನಿಗೆ ಒಮ್ಮೆ ನಿಜವಾದ ಭೂತ, ಒಮ್ಮೆ ಮನುಷ್ಯರ ಮೋಸ ಎದುರಾಗುತ್ತದೆ. ಹುಡೀನಿಗೆ ಸವಾಲೊಡ್ಡಿದ ಪರೀಕ್ಷಕಬುದ್ಧಿಯೇ ಇಲ್ಲಿ ಪಾತ್ರವಾಗಿದೆ.

5

'ದಿ ನೈಟ್ ಲ್ಯಾಂಡ್' (1912) ಅವನ ಅತ್ಯಂತ ಮಹತ್ತ್ವಾಕಾಂಕ್ಷೆಯ ಕೃತಿ, ಅತ್ಯಂತ ದೋಷಪೂರ್ಣವೂ ಹೌದು. ಸೂರ್ಯ ಆರಿದ ಭೂಮಿಯಲ್ಲಿ ಉಳಿದ ಮಾನವಕುಲ ಮೈಲಿಗಟ್ಟಲೆ ಎತ್ತರದ ಲೋಹದ ಪಿರಮಿಡ್ಡಿನೊಳಗೆ ಬಾಳುತ್ತಿದೆ. ಸುತ್ತಲಿನ ಕತ್ತಲಲ್ಲಿ ಹೆಸರಿಲ್ಲದ ಶಕ್ತಿಗಳು ಕಾದಿವೆ. ಇನ್ನೊಂದು ಕೋಟೆಯಲ್ಲಿರುವ ಪ್ರಿಯೆಯನ್ನು ಕರೆತರಲು ನಾಯಕನು ಒಬ್ಬನೇ ಹೊರಡುತ್ತಾನೆ. ಪೂರ್ವಾರ್ಧದಲ್ಲಿ ಅಂಗಸಾಧಕನ ಶಿಸ್ತೇ ಕಾವ್ಯವಾಗಿದೆ. ಇಷ್ಟು ಗಂಟೆ ನಡಿಗೆ, ಇಷ್ಟು ಗುಳಿಗೆಯ ಊಟ, ಇಷ್ಟು ನಿದ್ದೆ ಎಂಬ ಲೆಕ್ಕವು ಆ ಅಗಾಧ ಕತ್ತಲೆಗೆ ಮನುಷ್ಯನು ಹಿಡಿಯಬಲ್ಲ ಏಕೈಕ ಅಳತೆ. ಆತ್ಮನಾಶದ ಅಪಾಯ ಬಂದರೆ ಪ್ರಾಣ ಬಿಡಲೆಂದು ಅವನ ಮುಂಗೈಯ ಚರ್ಮದಡಿ ವಿಷದ ಗುಳಿಗೆಯೊಂದನ್ನು ಹುದುಗಿಸಿರುತ್ತಾರೆ. ಬಲಿಷ್ಠವಾದ ತೋಳಿನಲ್ಲಿಯೇ ಮರಣ: ಹಾಜ್‌ಸನ್ನನ ಇಡೀ ದರ್ಶನ ಈ ಒಂದು ವಿವರದಲ್ಲಿದೆ.

ಉತ್ತರಾರ್ಧದಲ್ಲಿ ಈ ಹದ ಕೆಡುತ್ತದೆ. ಪ್ರಿಯೆ ದೊರೆತ ಮೇಲೆ ನಾಯಕನು ತನ್ನ ಬಲವನ್ನು ತಾನೇ ಮೆಚ್ಚತೊಡಗುತ್ತಾನೆ. ಸರಸ, ಮುನಿಸು, ಅವಳನ್ನು ದಂಡಿಸುವ ಪ್ರಸಂಗ ಇವುಗಳಿಂದ ಕಥೆ ನಿಂತ ನೀರಾಗುತ್ತದೆ. ಬಲವು ಸೋಲುವ ಭಯ ಹೋದೊಡನೆ ಕತ್ತಲೆಯ ಭಯವೂ ಹೋಯಿತು. ಕೃತಕವಾದ ಹಳೆಯ ಇಂಗ್ಲಿಷು ಈ ದೋಷವನ್ನು ಇಮ್ಮಡಿಸಿದೆ. ಕೃತಿಯ ಚಿತ್ರಶಕ್ತಿಯನ್ನು ಕೊಂಡಾಡಿದ ಸಿ. ಎಸ್. ಲೂಯಿಸ್ ಇದರ ಭಾಷೆಯನ್ನೂ ಶೃಂಗಾರಭಾಗವನ್ನೂ ಖಂಡಿಸಿದ್ದು ನ್ಯಾಯವಾಗಿಯೇ ಇದೆ. ಪ್ರಕಟಣೆಯಲ್ಲಿ ಕೊನೆಯದಾದ ಈ ಕಾದಂಬರಿಯೇ ರಚನೆಯಲ್ಲಿ ಮೊದಲನೆಯದೆಂದು ಆಧುನಿಕ ಸಂಶೋಧಕರು ವಾದಿಸಿದ್ದಾರೆ. ಆ ವಾದವನ್ನು ಒಪ್ಪಿದರೆ ಲೇಖಕನ ಬೆಳವಣಿಗೆಯ ದಿಕ್ಕು ಸ್ಪಷ್ಟವಾಗುತ್ತದೆ: ಬಲದ ಮೋಹದಿಂದ ಹೊರಟು ಬಲದ ಮಿತಿಯ ಅರಿವಿಗೆ ಅವನು ಬಂದನು.

6

1913ರಲ್ಲಿ ಮದುವೆಯಾಗಿ ದಕ್ಷಿಣ ಫ್ರಾನ್ಸಿನಲ್ಲಿದ್ದವನು ಮಹಾಯುದ್ಧ ಬಂದೊಡನೆ ಹಿಂದಿರುಗಿದನು. ನೌಕಾನುಭವವಿದ್ದರೂ ಕಡಲಿಗೆ ಹೋಗಲೊಪ್ಪದೆ ಫಿರಂಗಿದಳದ ಅಧಿಕಾರಿಯಾದನು. 1916ರಲ್ಲಿ ಕುದುರೆಯಿಂದ ಬಿದ್ದು ತಲೆಗೂ ದವಡೆಗೂ ಗಾಯವಾಗಿ ಬಿಡುಗಡೆ ಹೊಂದಿದನು; ಆ ಪಳಗಿದ ಮೈಯನ್ನು ಮತ್ತೆ ಅಣಿಗೊಳಿಸಿ ದಳಕ್ಕೆ ಮರಳಿದನು. ರಣಭೂಮಿಯಿಂದ ಮನೆಗೆ ಬರೆದ ಪತ್ರವೊಂದರಲ್ಲಿ, ಉತ್ತು ಹಾಳಾದ ಆ ನೆಲವನ್ನು ತನ್ನ 'ನೈಟ್ ಲ್ಯಾಂಡ್'ಗೆ ಹೋಲಿಸಿದನು. 1918ರ ಏಪ್ರಿಲಿನಲ್ಲಿ ಈಪ್ರ್ ಪ್ರದೇಶದಲ್ಲಿ ಶೆಲ್ಲೊಂದು ಅವನ ಮೇಲೆಯೇ ಬಿದ್ದು ಸ್ಫೋಟಿಸಿತು.

ಬಳಿಕ ಅವನ ಹೆಸರು ಬಹುಮಟ್ಟಿಗೆ ಮರೆಯಾಯಿತು. ಲವ್‌ಕ್ರಾಫ್ಟ್ 1930ರ ದಶಕದಲ್ಲಿ ಭಯಾನಕ ಸಾಹಿತ್ಯವನ್ನು ಕುರಿತ ತನ್ನ ಪ್ರಬಂಧದಲ್ಲಿ ಅವನಿಗೆ ಉನ್ನತ ಸ್ಥಾನವನ್ನು ಕೊಟ್ಟನು. 1946ರಲ್ಲಿ ಅಮೆರಿಕದ ಆರ್ಕಮ್ ಹೌಸ್ ನಾಲ್ಕು ಕಾದಂಬರಿಗಳನ್ನೂ ಒಂದೇ ಸಂಪುಟದಲ್ಲಿ ತಂದಿತು. ಅಂದಿನಿಂದ ಅವನ ಕೀರ್ತಿ ಕುಂದಿಲ್ಲ.

ಹಾಜ್‌ಸನ್ನನ ಕಾಲವು ದೇಹವನ್ನು ಕುರಿತು ಅಪಾರ ಭರವಸೆಯಿಟ್ಟ ಕಾಲ. ಕಬ್ಬಿಣದ ಗುಂಡುಗಳಿಂದ ವ್ಯಕ್ತಿಯನ್ನೂ, ವ್ಯಕ್ತಿಗಳಿಂದ ರಾಷ್ಟ್ರವನ್ನೂ ಅಜೇಯವಾಗಿಸಬಹುದೆಂದು ಸಾಮ್ರಾಜ್ಯವು ನಂಬಿತ್ತು. ಆ ನಂಬಿಕೆ ಫ್ಲಾಂಡರ್ಸಿನ ಕೆಸರಿನಲ್ಲಿ ಮುರಿಯುವುದಕ್ಕೆ ಹತ್ತು ವರ್ಷ ಮೊದಲೇ, ಅದೇ ನಂಬಿಕೆಯನ್ನು ಬೋಧಿಸಿ ಹೊಟ್ಟೆಹೊರೆದವನೊಬ್ಬನು ಅದರ ಮಿತಿಯನ್ನು ಕಥೆಗಳಲ್ಲಿ ಬರೆದಿಟ್ಟಿದ್ದನು. ಅವನ ಭಯಾನಕವು ದುರ್ಬಲನ ಕನವರಿಕೆಯಲ್ಲ. ಬಲವನ್ನು ಬಲ್ಲವನು ಕೊಟ್ಟ ತೀರ್ಪು. ಅದನ್ನು ಸಾಹಿತ್ಯವೆಂದು ಓದುವುದರ ಜೊತೆಗೆ ಆ ಯುಗದ ಅಂತರಂಗದ ದಾಖಲೆಯೆಂದೂ ಓದುವುದು ಚರಿತ್ರೆಯ ಅಭ್ಯಾಸಿಗೆ ಉಚಿತವಾದ ಕೆಲಸ.