ಡ್ಯಾಶ್‌ಬೋರ್ಡ್ ಇಳಿಸಿ ಏರಿಸಿದ ಮೇಲೆ

ಮಕ್ತಲ್‌ನಿಂದ ಅಮರಚಿಂತ ದಾಟಿ, ಜೂರಾಲ ಅಣೆಕಟ್ಟಿನ ಮೇಲಿಂದ ಗದ್ವಾಲಕ್ಕೆ ಹೋಗುವಾಗ ಕಾರಿನೊಳಗಿನ ಸಣ್ಣಪುಟ್ಟ ಸದ್ದೆಲ್ಲ ತಾನಾಗಿ ಹೊರಬೀಳುತ್ತದೆ. ಈ ಬೇಸಿಗೆಯಲ್ಲಿ ನನ್ನ ಹಳೆಯ ವ್ಯಾಗನ್ ಆರ್‌ನಲ್ಲಿ ಹೊಸದೊಂದು ಸೇರಿಕೊಂಡಿತ್ತು. ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆಲ್ಲೋ, ಕಡಲೆ ಹುರಿಯುವಾಗ ಸಿಡಿದ ಹಾಗೆ ಟಿಕ್ ಟಿಕ್. ಮೂರು ದಿನದ ಹಿಂದಷ್ಟೇ ಮಕ್ತಲ್‌ನ ಗ್ಯಾರೇಜಿನಲ್ಲಿ ಎಸಿಯ ಕೂಲಿಂಗ್ ಕಾಯಿಲ್ ಬದಲಿಸಿಕೊಂಡು ಬಂದಿದ್ದೆ. ಎಸಿ ಹಿಮದಂತೆ ಬೀಸುತ್ತಿತ್ತು, ದೂರುವಂತಿರಲಿಲ್ಲ. ಆದರೆ ಗ್ಲೋವ್ ಬಾಕ್ಸಿನ ಮೇಲೆ ಬೆರಳುದ್ದದ ಬಿಳಿ ಗೀರು, ತಲೆಯ ಮೇಲಿನ ರೂಫ್ ಲೈನಿಂಗ್‌ಗೆ ಗ್ರೀಸಿನ ಹೆಬ್ಬೆಟ್ಟು, ಕಪ್ ಇಡುವ ಗುಳಿಯಲ್ಲಿ ಅನಾಥವಾಗಿ ಬಿದ್ದ ಎರಡು ಸ್ಕ್ರೂ.

ಕೂಲಿಂಗ್ ಕಾಯಿಲ್ ಇರುವ ಜಾಗವೇ ಅಂಥದ್ದು. ಡ್ಯಾಶ್‌ಬೋರ್ಡಿನ ಹಿಂದೆ, ಬ್ಲೋವರ್ ಪೆಟ್ಟಿಗೆಯ ಒಡಲಲ್ಲಿ ಕೂತಿರುತ್ತದೆ. ಅಲ್ಲೊಂದು ಸೂಜಿಮೊನೆಯಷ್ಟು ತೂತು ಬಿದ್ದರೂ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ನಮ್ಮ ಗ್ಯಾರೇಜುಗಳಿಗೆ ಇದೇ ಸುಗ್ಗಿ. ಕಾರ್ಖಾನೆಯಲ್ಲಿ ಒಮ್ಮೆ ಕೂಡಿಸಿದ್ದನ್ನು ಬಯಲಲ್ಲಿ, ಬೇವಿನ ನೆರಳಲ್ಲಿ ಬಿಚ್ಚಿ ಮತ್ತೆ ಕೂಡಿಸುವ ಕೆಲಸ. ಒಂದೂ ಲಾಕ್ ಮುರಿಯದೆ ಅದನ್ನು ಮುಗಿಸಿದ ಮೇಸ್ತ್ರಿಯನ್ನು ನಾನು ನೋಡಿಲ್ಲ. ಹತ್ತು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತದೆ, ಯಾರ ಕೈಗೆ ಸಿಕ್ಕರೂ ಮುರಿಯುತ್ತದೆ. ಮುರಿದದ್ದಕ್ಕೆ ನನ್ನ ತಕರಾರಿಲ್ಲ. ಮುಚ್ಚಿಟ್ಟದ್ದಕ್ಕೆ ಇದೆ.

ಸಿಟ್ಟು ಇಟ್ಟುಕೊಂಡೇ ಮಕ್ತಲ್‌ಗೆ ವಾಪಸು ಹೋದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ನಡುವೆ ಗೆರೆ ಎಳೆದು ಇಷ್ಟು ವರ್ಷವಾದರೂ ಈ ಸೀಮೆಯ ಗ್ಯಾರೇಜಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಡಬ್ಬಿಯ ಪಾನಾಗಳಂತೆ ಕಲೆತಿರುತ್ತವೆ. ಮೂರರಲ್ಲೂ ಮೊದಲ ಉತ್ತರ ಒಂದೇ.

“ಅದು ಮೊದ್ಲ ಹಂಗಽ ಇತ್ತು ನೋಡ್ರಿ ಸಾರ್.”

ವಾದಕ್ಕೆ ಇಳಿಯಲಿಲ್ಲ. “ಇರ್ಲಿ ಬಿಡ್ರಿ, ಒಂದು ರೌಂಡ್ ಹೋಗಿ ಬರೋಣು ಬರ್ರಿ” ಎಂದು ಮೇಸ್ತ್ರಿಯನ್ನೇ ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ನಾರಾಯಣಪೇಟೆ ರಸ್ತೆಗೆ ಹೊರಟೆ. ನಿಂತ ಕಾರಿನಲ್ಲಿ ಯಾವ ಸದ್ದೂ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಓಡುವಾಗ ಪಕ್ಕದಲ್ಲಿ ಕೂತವರು ಅಂಗೈಯಿಂದ ಒಂದೊಂದೇ ಕಡೆ ಒತ್ತುತ್ತ ಹೋಗಬೇಕು. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿದೆ ರೋಗ. ಎರಡು ಮೈಲಿಯೊಳಗೆ ಸಿಕ್ಕಿತು. ಒಂದು ಲಾಕ್ ಇರಲೇ ಇಲ್ಲ, ಅದರ ಪಕ್ಕದ ವೈರಿನ ಗೊಂಚಲು ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಗ್ಯಾರೇಜಿಗೆ ಮರಳಿ, ಹೊಸ ಲಾಕ್ ಹಾಕಿ, ವೈರಿಗೆ ಬಟ್ಟೆಯ ಟೇಪ್ ಸುತ್ತಿದ್ದೇ ಸದ್ದು ಸತ್ತಿತು. ಹೊರಡುವಾಗ ಮೇಸ್ತ್ರಿ ಮೆಲ್ಲಗೆ ಹೇಳಿದ, “ಆ ಗೀರು ನಮ್ಮ ಹುಡುಗಂದಽ ರೀ. ಪೇಚಕಸ್ ಜಾರ್ತು.”

ಆ ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ರೂಫ್ ಲೈನಿಂಗಿನದು.

ಈ ರಿಪೇರಿಗಳಲ್ಲಿ ಮೇಸ್ತ್ರಿಗಿಂತ ಹೆಚ್ಚು ಹಾಳು ಮಾಡುವವರು ಆಮೇಲೆ ಮನೆಯಲ್ಲಿ ಸರಿಮಾಡಲು ಕೂರುವ ನಾವೇ. ಗ್ರೀಸಿನ ಕಲೆ ಕಂಡರೆ ಪೆಟ್ರೋಲ್ ಬಟ್ಟೆ ಹುಡುಕುತ್ತೇವೆ. ರೂಫ್ ಲೈನಿಂಗ್ ಅಂದರೆ ಹಲಗೆಗೆ ಅಂಟಿಸಿದ ಸ್ಪಂಜು, ಅದರ ಮೇಲೊಂದು ಬಟ್ಟೆ. ಪೆಟ್ರೋಲೋ ಥಿನ್ನರೋ ತಾಗಿದರೆ ಕಲೆಯ ಜೊತೆ ಗೋಂದೂ ಕರಗಿ ಬಟ್ಟೆ ಜೋಲಿಯಂತೆ ಇಳಿಬೀಳುತ್ತದೆ. ಕಲೆಯ ಮೇಲೆ ಟಾಲ್ಕಂ ಪೌಡರನ್ನು ಮೆತ್ತಗೆ ಒತ್ತಿ ಒಂದು ರಾತ್ರಿ ಬಿಡಿ, ಜಿಡ್ಡು ಹೀರಿಕೊಳ್ಳಲಿ. ಆಮೇಲೆ ಪಾತ್ರೆ ಸೋಪಿನ ನೀರಲ್ಲ, ಬರೀ ನೊರೆಯನ್ನು ಬಟ್ಟೆಗೆ ತೆಗೆದುಕೊಂಡು ಒತ್ತಿ ಒತ್ತಿ ಎತ್ತಿ. ಉಜ್ಜಬೇಡಿ.

ಎರಡನೆಯ ಪಾಪ ಫೆವಿಕ್ವಿಕ್. ಮುರಿದ ತುಣುಕನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ಜಾತಕ ಅಚ್ಚಾಗಿರುತ್ತದೆ. ‘ಎಬಿಎಸ್’ ಎಂದಿದ್ದರೆ ಅಂಟು ಹಿಡಿಯುತ್ತದೆ. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಕೆಸುವಿನೆಲೆಯ ಮೇಲಿನ ನೀರಿನಂತೆ ಅಂಟು ಅದರ ಮೇಲೆ ನಿಲ್ಲುವುದೇ ಇಲ್ಲ. ಅದಕ್ಕೆ ಕಾಯಿಸಿ ಬೆಸೆಯುವುದೇ ಒಳ್ಳೆಯ ದಾರಿ. ಬಂಪರ್ ಬೆಸೆಯುವವರಿಗೆ ಆ ಕೆಲಸ ಗೊತ್ತು. ಸಾಲದ್ದಕ್ಕೆ ಫೆವಿಕ್ವಿಕ್ಕಿನ ಆವಿ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕಿಗೆ ಕೂತು ವಿಭೂತಿಯಂತೆ ಬಿಳಿ ಹಿಡಿಯುತ್ತದೆ. ಒಂದು ಗಾಯ ಮುಚ್ಚಲು ಹೋಗಿ ಅಂಗೈಯಗಲ ಹಾಳು.

ಗೀರಿಗೆ ನಾನು ಮನೆಯ ಹೇರ್ ಡ್ರೈಯರ್ ಹಿಡಿದೆ. ಒತ್ತಡಕ್ಕೆ ಬೆಳ್ಳಗಾದ ಪ್ಲಾಸ್ಟಿಕ್ ಹದವಾಗಿ ಬಿಸಿಯಾದರೆ ತುಸು ಬಣ್ಣಕ್ಕೆ ಮರಳುತ್ತದೆ. ಗ್ಯಾರೇಜಿನ ಹೀಟ್ ಗನ್ ಮಾತ್ರ ಬೇಡ, ಪ್ಲಾಸ್ಟಿಕ್ಕಿನ ಮೇಲಿನ ನವುರು ಗೆರೆಗಳೇ ಕರಗಿ ಅಲ್ಲೊಂದು ಹೊಳೆಯುವ ಬೋಳು ಉಳಿದೀತು.

ಸೀಟಿನ ಬಟ್ಟೆಗೆ ಪೇಚಕಸ್ ತಾಗಿ ಹರಿದಿದ್ದರೆ ನಮ್ಮ ಕಡೆಯವರಿಗೊಂದು ಅನುಕೂಲವಿದೆ. ನಾರಾಯಣಪೇಟೆ, ಗದ್ವಾಲ ಎರಡೂ ಸೀರೆಯ ಊರುಗಳು. ಗದ್ವಾಲ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ನೇಯುವಾಗಲೇ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಎಳೆ ಎಣಿಸಬಲ್ಲ ಕಣ್ಣುಗಳಿರುವ ಸೀಮೆಯಿದು. ಕುಶನ್ ಅಂಗಡಿಯವನು ಇಡೀ ಕವರ್ ಬದಲಿಸಿ ಎನ್ನುತ್ತಾನೆ, ಅದು ಅವನ ವ್ಯಾಪಾರ. ಬೆರಳಗಲದ ಹರಕಿಗೆ ಮೊದಲು ರಫೂ ಮಾಡುವವರನ್ನು ಕೇಳಿ ನೋಡಿ. ರೆಕ್ಸಿನ್ ಆದರೆ ಇದು ನಡೆಯುವುದಿಲ್ಲ.

ಇಷ್ಟೆಲ್ಲ ಕ್ಷಮಿಸುವ ನಾನು ಕೆಲವು ವಿಷಯದಲ್ಲಿ ಕ್ಷಮಿಸುವುದಿಲ್ಲ. ಎಸಿ ರಿಪೇರಿಯಾದ ಮೇಲೆ ಎಡಗಡೆ ಮ್ಯಾಟಿನ ಕೆಳಗೆ ಕೈಯಿಟ್ಟು ನೋಡಿ. ಒದ್ದೆಯಿದ್ದರೆ ನೀರು ಹೋಗುವ ಪೈಪನ್ನು ಸರಿಯಾಗಿ ಕೂರಿಸಿಲ್ಲ. ಸೆಕೆಯ ದಿನ ಎಸಿ ಸ್ವಲ್ಪ ಹೊತ್ತು ಓಡಿದರೆ ನೀರು ನೆಲಕ್ಕೆ ತೊಟ್ಟಿಕ್ಕಬೇಕು, ಕಾರ್ಪೆಟ್ಟಿಗಲ್ಲ. ಬಿಟ್ಟರೆ ಮೊದಲು ಮುಗ್ಗುಲು ವಾಸನೆ, ಆಮೇಲೆ ನೆಲದ ತಗಡಿಗೆ ತುಕ್ಕು.

ಏರ್‌ಬ್ಯಾಗ್ ಇನ್ನೂ ದೊಡ್ಡ ಮಾತು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವೇ ಕ್ಷಣದಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಇದ್ದರೆ ಇನ್ನೂ ಕೆಟ್ಟದ್ದು. ತಲೆಯ ಪಕ್ಕ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಾಜಿನ ಪಕ್ಕದ ಕಂಬದ ಹೊದಿಕೆಗೆ ಬಾಲವಿರುವ ವಿಶೇಷ ಕ್ಲಿಪ್ ಇರುತ್ತದೆ. ಏರ್‌ಬ್ಯಾಗ್ ಸಿಡಿದಾಗ ಹೊದಿಕೆ ಮುಖಕ್ಕೆ ಹಾರದಂತೆ ಹಿಡಿಯುವುದು ಆ ಬಾಲವೇ. ಆ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕ ಮಾಮೂಲಿ ಕ್ಲಿಪ್ ಹಾಕಿದ್ದರೆ ಅಲ್ಲೇ ನಿಂತು ತೆಗೆಸಿ.

ಕಾನೂನೂ ನಿಮ್ಮ ಕಡೆಗಿದೆ. ರಿಪೇರಿಗೆ ಒಪ್ಪಿಸಿದ ವಸ್ತುವನ್ನು ತನ್ನದೇ ಎಂಬಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೆಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸಹಾಯವಾಣಿ 1915. ಏರ್‌ಬ್ಯಾಗಿನ ವೈರ್ ಕತ್ತರಿಸಿಟ್ಟವರ ಮೇಲೆ ಇದನ್ನು ಬಳಸಿ. ಚಹಾದ ಬೆಲೆಯ ಲಾಕ್‌ಗಾಗಿ ಬಳಸಿದರೆ ಮುಂದಿನ ಮೇ ತಿಂಗಳಲ್ಲಿ ಕಾರಿಗೆ ಕೈಹಚ್ಚುವವರು ಸಿಗಲಿಕ್ಕಿಲ್ಲ.

ಗ್ಯಾರೇಜಿಗೆ ಕಾರು ಬಿಡುವ ಮುನ್ನ ಎಲ್ಲರೂ ಹೊರಗಿನ ನಾಲ್ಕು ಮೂಲೆಯ ಫೋಟೊ ತೆಗೆಯುತ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಇನ್ನು ಮೇಲೆ ಮೇಸ್ತ್ರಿಯ ಎದುರಿಗೇ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನದೊಂದು, ಬಾಗಿಲ ಒಳಬದಿಯದೊಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ಒಮ್ಮೆ ಕತ್ತೆತ್ತಿ ತಲೆಯ ಮೇಲಿನದೂ ಒಂದು ಇರಲಿ.